ಪೆಟ್ಟಾದ ಮೇಲೆ ಮತ್ತೆ ಓಟ: ಕೌಚ್ ಟು 5ಕೆ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಕಾಲಿಗೋ ಮಂಡಿಗೋ ಪೆಟ್ಟಾಗಿ ತಿಂಗಳುಗಟ್ಟಲೆ ಓಟ ಬಿಟ್ಟವರು ಮತ್ತೆ ಶೂ ಲೇಸು ಕಟ್ಟುವ ಹೊತ್ತಿಗೆ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವುದು ಕೌಚ್ ಟು 5ಕೆ, ಅಂದರೆ ಸೋಫಾದಿಂದ 5 ಕಿಲೋಮೀಟರ್ ಓಟಕ್ಕೆ ಎಂಬ ಅಭ್ಯಾಸದ ಯೋಜನೆ. ಒಂಬತ್ತು ವಾರ, ವಾರಕ್ಕೆ ಮೂರು ದಿನ ಓಟ, ಎರಡು ಓಟಗಳ ನಡುವೆ ಒಂದು ದಿನ ಬಿಡುವು, ಕೊನೆಗೆ ನಿಲ್ಲದೆ 30 ನಿಮಿಷ. 1996ರಲ್ಲಿ ಜೋಶ್ ಕ್ಲಾರ್ಕ್ ಇದನ್ನು ಬರೆದದ್ದು ತಮ್ಮ ತಾಯಿಯಂಥವರಿಗಾಗಿ, ಅಂದರೆ ಓಟವನ್ನೇ ಕಾಣದೆ ಸೋಫಾದಲ್ಲಿ ಕೂತವರಿಗಾಗಿ. ಬ್ರಿಟನ್ನಿನ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅದನ್ನೇ ಉಚಿತ ಆ್ಯಪ್ ಮಾಡಿತು. ಕಿವಿಯಲ್ಲಿ ಒಂದು ದನಿ ‘ಈಗ ಓಡಿ’, ‘ಈಗ ನಡೆಯಿರಿ’ ಎನ್ನುತ್ತದೆ, ನೀವು ಹೇಳಿದಂತೆ ಮಾಡುತ್ತೀರಿ. ಇಲ್ಲಿ ತೂಗಿ ನೋಡಿರುವುದು ಎನ್‌ಎಚ್‌ಎಸ್ ರೂಪವನ್ನು. ಇದೇ ವೇಳಾಪಟ್ಟಿ ಇಟ್ಟುಕೊಂಡ ಬೇರೆ ಆ್ಯಪ್‌ಗಳೂ ಇವೆ, ಇಲ್ಲಿಯ ಮಾತು ಅವಕ್ಕೂ ಸಲ್ಲುತ್ತದೆ.

ಹೊಸಬರಿಗೆ ಇದು ಒಳ್ಳೆಯದೇ ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಮರಳಿ ಬರುವವರು ಹೊಸಬರಲ್ಲ. ಹೊಸಬರಿಗೆ ಮೊದಲು ಸೋಲುವುದು ಉಸಿರು. ಮರಳಿ ಬರುವವರಿಗೆ ಉಸಿರು ಬೇಗ ಕೂಡಿಬರುತ್ತದೆ, ರಕ್ತದ ಪ್ರಮಾಣವೂ ಹೃದಯದ ಬಡಿತವೂ ಕೆಲವೇ ವಾರಗಳಲ್ಲಿ ಹಳೆಯ ಹಾದಿ ಹಿಡಿಯುತ್ತವೆ. ಹಿಂದೆ ಉಳಿಯುವುದು ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಎದೆ ‘ಹೋಗೋಣ’ ಎನ್ನುತ್ತದೆ, ಕಣಕಾಲು ‘ತಡಿ’ ಎನ್ನುತ್ತದೆ. ಎದೆಯ ಮಾತು ಕೇಳಿದವರೇ ಎರಡನೇ ಸಲ ಪೆಟ್ಟು ತಿನ್ನುತ್ತಾರೆ. ಹಾಗಾಗಿ ಈ ಯೋಜನೆಯನ್ನು ಉಸಿರಿನ ಲೆಕ್ಕದಲ್ಲಿ ಅಳೆಯದೆ, ಕಾಲಿಗೆ ಬೀಳುವ ಭಾರದ ಲೆಕ್ಕದಲ್ಲಿ ಅಳೆದು ನೋಡಬೇಕು.

ಮೊದಲು ವೇಳಾಪಟ್ಟಿ. ಪ್ರತಿ ದಿನವೂ ಶುರುವಾಗುವುದು 5 ನಿಮಿಷದ ಚುರುಕು ನಡಿಗೆಯಿಂದ, ಮುಗಿಯುವುದು ಇನ್ನೊಂದು 5 ನಿಮಿಷದ ನಡಿಗೆಯಿಂದ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಎರಡನೇ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ. ಮೂರನೇ ವಾರ 90 ಸೆಕೆಂಡ್ ಓಟ, ಅಷ್ಟೇ ನಡಿಗೆ, 3 ನಿಮಿಷ ಓಟ, ಅಷ್ಟೇ ನಡಿಗೆ; ಇದು ಎರಡು ಸುತ್ತು. ನಾಲ್ಕನೇ ವಾರ 3 ನಿಮಿಷ, 5 ನಿಮಿಷ, 3 ನಿಮಿಷ, 5 ನಿಮಿಷ ಓಟ, ನಡುನಡುವೆ ಒಂದೂವರೆಯಿಂದ ಎರಡೂವರೆ ನಿಮಿಷ ನಡಿಗೆ. ಐದನೇ ವಾರ ಮೂರು ದಿನವೂ ಬೇರೆ ಬೇರೆ: ಮೊದಲ ದಿನ 5 ನಿಮಿಷದ ಮೂರು ಓಟ, ಎರಡನೇ ದಿನ 8 ನಿಮಿಷದ ಎರಡು ಓಟ, ಮೂರನೇ ದಿನ ಒಂದೇ ಉಸಿರಿಗೆ 20 ನಿಮಿಷ. ಆರನೇ ವಾರ 5-8-5, ಆಮೇಲೆ 10-10, ಆಮೇಲೆ 25. ಏಳನೇ ವಾರ ಮೂರು ದಿನವೂ 25, ಎಂಟನೇ ವಾರ 28, ಒಂಬತ್ತನೇ ವಾರ 30.

ಈ ಪಟ್ಟಿ ನೋಡಿದವರೆಲ್ಲ ಬೆಚ್ಚುವುದು ಐದನೇ ವಾರದ ಮೂರನೇ ದಿನಕ್ಕೆ. 8 ನಿಮಿಷದಿಂದ ಒಮ್ಮೆಲೇ 20. ಓಟಗಾರರ ನಡುವೆ ಅದೊಂದು ಗುಮ್ಮನೇ ಆಗಿಬಿಟ್ಟಿದೆ. ಆದರೆ ಓಟದ ನಿಮಿಷಗಳನ್ನು ಮಾತ್ರ ಕೂಡಿ ನೋಡಿ. ಹಿಂದಿನ ಓಟದಲ್ಲಿ 8 ಮತ್ತು 8, ಒಟ್ಟು 16 ನಿಮಿಷ ಓಡಿರುತ್ತೀರಿ. ಈಗ 20. ಹೆಚ್ಚಿದ್ದು ನಾಲ್ಕೇ ನಿಮಿಷ. ನಡುವಿನ ನಡಿಗೆ ಹೋಯಿತು ಅಷ್ಟೆ. ಉಸಿರಿಗೂ ಮನಸ್ಸಿಗೂ ಅದು ದೊಡ್ಡ ನೆಗೆತವೇ, ಸುಳ್ಳಲ್ಲ. ಮೂಳೆಗೆ ಅಷ್ಟು ದೊಡ್ಡದಲ್ಲ.

ನಿಜವಾದ ನೆಗೆತ ಯಾರ ಕಣ್ಣಿಗೂ ಬೀಳದ ಕಡೆ ಇದೆ. ಮೊದಲ ವಾರ ದಿನಕ್ಕೆ 8 ನಿಮಿಷ ಓಟ. ಎರಡನೇ ವಾರ ಸುಮಾರು 9. ಮೂರನೇ ವಾರವೂ 9. ನಾಲ್ಕನೇ ವಾರ 16! ವಾರದ ಲೆಕ್ಕದಲ್ಲಿ 24, 27, 27, ಆಮೇಲೆ 48. ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿಕೆ, ಅದೂ ಒಂದೇ ವಾರದಲ್ಲಿ. ಅದರ ಮುಂದಿನ ವಾರ 51, ಆಮೇಲೆ 63, 75, 84, 90. ಈ ಏರಿಕೆಗಳಲ್ಲಿ ಯಾವುದೂ ನಾಲ್ಕನೇ ವಾರದ ಏರಿಕೆಯ ಹತ್ತಿರಕ್ಕೂ ಬರುವುದಿಲ್ಲ. ಇದನ್ನೇ ಹೆಜ್ಜೆಗಳಲ್ಲಿ ಎಣಿಸೋಣ. ನಿಧಾನ ಓಟದಲ್ಲಿ ನಿಮಿಷಕ್ಕೆ 160 ಹೆಜ್ಜೆ ಎಂದುಕೊಂಡರೆ, 9 ನಿಮಿಷದಲ್ಲಿ ಒಂದೊಂದು ಕಾಲೂ 720 ಸಲ ನೆಲಕ್ಕೆ ಬಡಿಯುತ್ತದೆ. 16 ನಿಮಿಷದಲ್ಲಿ 1280 ಸಲ. ಪ್ರತಿ ಸಲವೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ನೆಲದಿಂದ ಕಾಲಿಗೆ ವಾಪಸು ಬರುತ್ತದೆ.

ಇದು ನಾಲ್ಕನೇ ವಾರಕ್ಕೇ ಬಂದಿರುವುದು ಇನ್ನೂ ಕೆಡುಕು. ಮೂಳೆ ಹೊಸ ಭಾರಕ್ಕೆ ಹೊಂದಿಕೊಳ್ಳುವಾಗ ಮೊದಲು ಹಳೆಯದನ್ನು ಕೊರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕೊರೆಯುವ ಕೆಲಸ ಕೆಲವು ವಾರಗಳದು, ತುಂಬುವ ಕೆಲಸ ತಿಂಗಳುಗಳದು. ಮನೆ ರಿಪೇರಿಗೆ ಗೋಡೆ ಒಡೆದಾಗ ಹೊಸ ಇಟ್ಟಿಗೆ ಏರುವವರೆಗೆ ಮಾಡು ಹೇಗೆ ಅಲ್ಲಾಡುತ್ತದೋ ಹಾಗೆ, ಓಟ ಶುರುವಾಗಿ ಮೂರ್ನಾಲ್ಕು ವಾರಕ್ಕೆ ಮೂಳೆ ಕೆಲಕಾಲ ಮೊದಲಿಗಿಂತ ದುರ್ಬಲವೇ ಆಗಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಯೋಜನೆ ಭಾರವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಕಣಕಾಲಿನ ಒಳಮಗ್ಗುಲ ನೋವು ಮೂರು ವಾರ ಸುಮ್ಮನಿದ್ದು ನಾಲ್ಕನೇ ವಾರ ಕಾಣಿಸಿಕೊಂಡರೆ ಅದನ್ನು ದುರದೃಷ್ಟ ಎನ್ನಬೇಕಿಲ್ಲ, ಕಾರಣ ವೇಳಾಪಟ್ಟಿಯಲ್ಲೇ ಇದೆ. ಕಿವಿಯಲ್ಲಿನ ದನಿಗೆ ಇದರ ಸುಳಿವಿಲ್ಲ. ಅದು ಮೂರನೇ ವಾರಕ್ಕೂ ನಾಲ್ಕನೇ ವಾರಕ್ಕೂ ಒಂದೇ ಉತ್ಸಾಹದಲ್ಲಿ ಶಭಾಷ್ ಎನ್ನುತ್ತದೆ.

ಪರಿಹಾರ ಕಷ್ಟದ್ದಲ್ಲ. ಮೂರನೇ ಮತ್ತು ನಾಲ್ಕನೇ ವಾರದ ನಡುವೆ ಎರಡು ವಾರ ಸೇರಿಸಿ. ಮೊದಲನೆಯದರಲ್ಲಿ 3 ನಿಮಿಷ ಓಟ, 2 ನಿಮಿಷ ನಡಿಗೆ, ನಾಲ್ಕು ಸಲ. ಒಟ್ಟು 12 ನಿಮಿಷ ಓಟ. ಎರಡನೆಯದರಲ್ಲಿ 3, 4, 3, 4, ನಡುವೆ ಎರಡೆರಡು ನಿಮಿಷ ನಡಿಗೆ, ಒಟ್ಟು 14. ಆಮೇಲೆ ಆ್ಯಪ್‌ನ ನಾಲ್ಕನೇ ವಾರದ 16. ಒಂಬತ್ತರಿಂದ ಹದಿನಾರಕ್ಕೆ ನೆಗೆಯುವ ಬದಲು 9, 12, 14, 16 ಎಂದು ಮೆಟ್ಟಿಲು ಹತ್ತಿದಂತಾಗುತ್ತದೆ. ಈ ಎರಡು ವಾರ ಆ್ಯಪ್‌ನಲ್ಲಿ ಇಲ್ಲ, ಸೇರಿಸಿಕೊಳ್ಳಲೂ ದಾರಿಯಿಲ್ಲ. ಫೋನಿನಲ್ಲಿ ಯಾವುದಾದರೊಂದು ಇಂಟರ್ವಲ್ ಟೈಮರ್ ಹಾಕಿಕೊಳ್ಳಬೇಕು. ಮರಳಿ ಬರುವವರ ಕಣ್ಣಿನಿಂದ ನೋಡಿದರೆ ಆ್ಯಪ್‌ನ ದೊಡ್ಡ ಕೊರತೆ ಇದೇ: ಹಿಂದಿನ ಓಟವನ್ನೇ ಮತ್ತೆ ಮಾಡಬಹುದು, ನಡುವಿನದೊಂದನ್ನು ಕಟ್ಟಿಕೊಳ್ಳಲಾಗದು. ಮೂಳೆಗೇ ಪೆಟ್ಟಾಗಿದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾಲ್ಕನೇ ವಾರದ 16 ನಿಮಿಷವನ್ನೂ ಎರಡು ವಾರ ಮಾಡುವುದು ಒಳ್ಳೆಯದು. ಒಂಬತ್ತು ವಾರದ ಯೋಜನೆ ಹನ್ನೆರಡು ವಾರವಾಗುತ್ತದೆ. ಆಗಲಿ.

ಐದನೇ ವಾರದ 20 ನಿಮಿಷವನ್ನು ಮಾತ್ರ ಮುಟ್ಟಬೇಡಿ. ಯೋಜನೆಯ ಜೀವಾಳ ಅಲ್ಲೇ ಇದೆ. ಅಲ್ಲಿಯವರೆಗೆ ಓಟವನ್ನು ತುಂಡು ತುಂಡಾಗಿ ಕೊಟ್ಟು, ಒಂದು ದಿನ ಇದ್ದಕ್ಕಿದ್ದಂತೆ ಇಡಿಯಾಗಿ ಕೈಗಿಡುತ್ತದೆ. ಮರಳಿ ಬಂದವರಿಗೆ ಓಟ ಮತ್ತೆ ಓಟದಂತೆ ಅನ್ನಿಸುವುದು ಆ ದಿನವೇ. ಮೊದಲ ಆರೇಳು ನಿಮಿಷ ಮೈ ಬಿಗಿಯಾಗಿರುತ್ತದೆ, ಉಸಿರು ತಾಳ ತಪ್ಪುತ್ತಿರುತ್ತದೆ, ಮನಸ್ಸು ನೋವಾಗಿದ್ದ ಜಾಗವನ್ನೇ ತಡಕುತ್ತಿರುತ್ತದೆ. ಹತ್ತನೇ ನಿಮಿಷದ ಆಸುಪಾಸಿನಲ್ಲಿ ಹೆಜ್ಜೆ ಉಸಿರು ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕಾಲನ್ನು ಎತ್ತಿಡುವ ಪ್ರಯತ್ನ ಕಾಣದಂತಾಗುತ್ತದೆ. 60 ಸೆಕೆಂಡಿನ ತುಂಡುಗಳಲ್ಲಿ ಈ ಹದ ಸಿಗಲು ಸಮಯವೇ ಇರುವುದಿಲ್ಲ. ಅದಕ್ಕೇ ಮೊದಲ ಎರಡು ವಾರದಲ್ಲಿ ‘ಓಟ ಮೊದಲಿನ ಹಾಗಿಲ್ಲ’ ಎಂದು ಕೈಚೆಲ್ಲಬಾರದು. ಮೈ ಬಿಸಿಯಾಗಿ ಉಸಿರು ಹೊಂದಿಕೊಳ್ಳಲು ಹತ್ತು ನಿಮಿಷವಾದರೂ ಬೇಕು, ಯೋಜನೆ ಅಷ್ಟು ಹೊತ್ತು ಒಟ್ಟಿಗೆ ಕೊಡುವುದು ಐದನೇ ವಾರದಲ್ಲಿ.

ಇನ್ನು ಶುರು ಮಾಡುವ ಮುಂಚಿನ ಮಾತು. ಆ್ಯಪ್ ಯಾವ ಪರೀಕ್ಷೆಯನ್ನೂ ಇಡದೆ ಮೊದಲ ದಿನಕ್ಕೆ ಬಿಡುತ್ತದೆ. ಹೊಸಬರಿಗೆ ಅದು ಸರಿ. ಪೆಟ್ಟು ತಿಂದವರು ತಾವೇ ನಾಲ್ಕು ಪರೀಕ್ಷೆ ಇಟ್ಟುಕೊಳ್ಳಬೇಕು. 30 ನಿಮಿಷ ಚುರುಕಾಗಿ ನಡೆದು ಮರುದಿನ ಬೆಳಗ್ಗೆಯೂ ನೋವಿಲ್ಲದಿರಬೇಕು. ಪೆಟ್ಟಾದ ಕಾಲೊಂದರ ಮೇಲೇ ನಿಂತು ಹತ್ತು ಸಲ ಅರೆ ಕುಕ್ಕರಿಸಲು ಬರಬೇಕು, ಮಂಡಿ ಒಳಗೆ ವಾಲಬಾರದು. ಅದೇ ಕಾಲಿನಲ್ಲಿ ನಿಂತಲ್ಲೇ ಹತ್ತು ಸಲ ಕುಂಟುನೆಗೆತ ನೆಗೆಯಬೇಕು. ನಾಲ್ಕನೆಯದು ಹಿಮ್ಮಡಿ ಎತ್ತುವುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಹತ್ತಕ್ಕೆ ಒಂಬತ್ತು ಮಂದಿ ಇದರಲ್ಲಿ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ ಎಂದರೂ ಹೆಚ್ಚಾಗದು.

ಗೋಡೆಗೆ ಎದುರಾಗಿ ನಿಲ್ಲಿ. ತೋರುಬೆರಳೊಂದನ್ನು ಮಾತ್ರ ಗೋಡೆಗೆ ತಾಗಿಸಿ, ಅದು ಆಯ ತಪ್ಪದಿರಲಿ ಎಂದಷ್ಟೆ, ಒತ್ತಲಿಕ್ಕಲ್ಲ. ಒಂದು ಕಾಲನ್ನು ಮಡಚಿ, ಇನ್ನೊಂದರ ಮಂಡಿ ನೆಟ್ಟಗಿರಿಸಿ, ಹಿಮ್ಮಡಿಯನ್ನು ಆದಷ್ಟೂ ಮೇಲೆತ್ತಿ. ತಲೆ ಎಷ್ಟು ಎತ್ತರ ಏರಿತೋ ಅಲ್ಲಿ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಸಿಕೊಳ್ಳಿ. ಇಳಿಯಲು ಒಂದು ಸೆಕೆಂಡ್, ಏರಲು ಒಂದು ಸೆಕೆಂಡ್. ಹತ್ತನೆಯದರವರೆಗೆ ಸಲೀಸು. ಹದಿನಾಲ್ಕು ಹದಿನೈದಕ್ಕೆ ಮೀನಖಂಡ ಉರಿಯತೊಡಗುತ್ತದೆ. ಆಗ ನಿಮಗೆ ಗೊತ್ತಾಗದಂತೆಯೇ ಮಂಡಿ ತುಸು ಮಡಚಿ ಸೊಂಟ ಮುಂದೆ ಹೋಗುತ್ತದೆ, ಬೆರಳು ಗೋಡೆಯನ್ನು ಒತ್ತುತ್ತದೆ, ತಲೆ ಗೆರೆ ಮುಟ್ಟುವುದಿಲ್ಲ. ಎಣಿಕೆ ಅಲ್ಲಿಗೆ ನಿಲ್ಲಬೇಕು. ಅದರ ನಂತರದ್ದು ಲೆಕ್ಕಕ್ಕಿಲ್ಲ. ಎರಡೂ ಕಾಲಿನಲ್ಲಿ ಇಪ್ಪತ್ತರ ಮೇಲೆ ಬಂದರೆ ಓಟಕ್ಕೆ ಅಡ್ಡಿಯಿಲ್ಲ. ಪೆಟ್ಟಾದ ಕಾಲು ಹನ್ನೆರಡಕ್ಕೆ ನಿಂತು ಇನ್ನೊಂದು ಇಪ್ಪತ್ತೈದು ಮುಟ್ಟಿದರೆ, ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜಿನ ಮೇಲೆ ಬೀಳುವ ಭಾರವನ್ನು ಹೊರಬೇಕಾದ ಸ್ನಾಯು ಇನ್ನೂ ಸೊರಗಿದೆ ಎಂದರ್ಥ. ಆರು ವಾರ ಇದೇ ವ್ಯಾಯಾಮ ಮಾಡಿ ಆಮೇಲೆ ಬನ್ನಿ. ಆ್ಯಪ್ ಎಲ್ಲಿಗೂ ಹೋಗುವುದಿಲ್ಲ.

ಪರೀಕ್ಷೆ ಮೀರಿದ ಸಂಗತಿಗಳೂ ಇವೆ. ತೊಡೆಮೂಳೆಯ ಕುತ್ತಿಗೆ, ಪಾದದ ನಡುವಿನ ನಾವಿಕ್ಯುಲರ್ ಮೂಳೆ, ಕಣಕಾಲಿನ ಮುಂಭಾಗ, ಇಲ್ಲಿ ಒತ್ತಡದ ಬಿರುಕು ಬಿಟ್ಟಿದ್ದವರು ವೈದ್ಯರು ಹಸಿರು ನಿಶಾನೆ ತೋರಿಸದೆ ಒಂದು ನಿಮಿಷವೂ ಓಡಕೂಡದು. ಮಂಡಿಯ ಲಿಗಮೆಂಟ್ ಶಸ್ತ್ರಚಿಕಿತ್ಸೆ ಆದವರಿಗೂ ಇದೇ ಮಾತು. ಹೆರಿಗೆಯಾದವರು ಕನಿಷ್ಠ 12 ವಾರ ಕಾಯಬೇಕು. ಓಡುವಾಗ ಮೂತ್ರ ಸೋರಿದರೆ, ಕೆಳಗೆ ಏನೋ ಜಾರಿದಂತೆ ಭಾರವೆನಿಸಿದರೆ, ಅದನ್ನು ಸಹಜ ಎಂದುಕೊಂಡು ಸಹಿಸದೆ ಫಿಸಿಯೋಥೆರಪಿಸ್ಟ್ ಬಳಿ ಹೋಗಬೇಕು. ಜೋರು ಜ್ವರದಿಂದ ಎದ್ದವರಿಗೆ ಎದೆನೋವು, ಎದೆ ಬಡಿತದ ಏರುಪೇರು, ತಲೆ ಸುತ್ತು ಕಂಡರೆ ಅಲ್ಲಿಗೆ ನಿಲ್ಲಿಸಬೇಕು.

ಯಾವ ವಾರದಿಂದ ಶುರು ಮಾಡಬೇಕು ಎಂಬ ಪ್ರಶ್ನೆಗೆ ಆ್ಯಪ್ ಉತ್ತರ ಕೊಡುವುದಿಲ್ಲ. ಪೆಟ್ಟಿಲ್ಲದೆ, ಕೆಲಸದ ಒತ್ತಡಕ್ಕೋ ಶೀತಕ್ಕೋ ಎರಡು ವಾರ ಬಿಟ್ಟವರಿಗೆ ಈ ಯೋಜನೆಯೇ ಬೇಡ, ಹಿಂದಿನದರ ಅರ್ಧದಿಂದ ಶುರು ಮಾಡಿದರೆ ಸಾಕು. ಒಂದೂವರೆ ತಿಂಗಳವರೆಗೆ ಬಿಟ್ಟವರು ನಾಲ್ಕನೇ ವಾರದಿಂದ ಹೊರಡಬಹುದು. ಮೂರು ತಿಂಗಳು ದಾಟಿದವರು, ಮೂಳೆ ಅಥವಾ ಸ್ನಾಯುರಜ್ಜಿಗೆ ಪೆಟ್ಟಾಗಿದ್ದವರು, ಎಷ್ಟೇ ಹಳಬರಾಗಿರಲಿ, ಎಷ್ಟೇ ಮ್ಯಾರಥಾನ್ ಮುಗಿಸಿರಲಿ, ಮೊದಲ ವಾರದ 60 ಸೆಕೆಂಡಿನಿಂದಲೇ.

ಆ 60 ಸೆಕೆಂಡಿನಲ್ಲಿ ಹಳಬರು ಮಾಡುವ ತಪ್ಪು ಒಂದೇ: ವೇಗ. ಒಂದೇ ನಿಮಿಷ ತಾನೆ ಎಂದು ಕಾಲು ಹಳೆಯ ವೇಗಕ್ಕೆ ಹೊರಳಿಬಿಡುತ್ತದೆ. ವೇಗ ಹೆಚ್ಚಿದಂತೆ ಮೀನಖಂಡ, ಅಕಿಲಿಸ್, ತೊಡೆಯ ಹಿಂಭಾಗ, ಇವುಗಳ ಮೇಲಿನ ಭಾರ ಹೆಚ್ಚುತ್ತದೆ. ನಿಮಿಷ ಕಡಿಮೆ ಮಾಡಿ ಉಳಿಸಿದ್ದನ್ನು ವೇಗದಲ್ಲಿ ಕಳೆದಂತಾಗುತ್ತದೆ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿಯಬೇಕು. ಎರಡು ಪದಕ್ಕೊಮ್ಮೆ ಉಸಿರೆಳೆಯುವಂತಿದ್ದರೆ ನಿಧಾನಿಸಿ. ಚುರುಕಾಗಿ ನಡೆಯುವವರು ನಿಮ್ಮನ್ನು ಹಿಂದಿಕ್ಕಿ ಹೋದರೂ ಚಿಂತೆಯಿಲ್ಲ.

ಇಲ್ಲಿ ಆ್ಯಪ್ ಒಂದು ದೊಡ್ಡ ಉಪಕಾರ ಮಾಡುತ್ತದೆ: ಅದರ ಲೆಕ್ಕ ನಿಮಿಷದ್ದು, ಕಿಲೋಮೀಟರಿನದ್ದಲ್ಲ. ಮರಳಿ ಬರುವವರ ಖುಷಿಯನ್ನು ಕೊಲ್ಲುವುದು ನೋವಿಗಿಂತ ಹೆಚ್ಚಾಗಿ ಹೋಲಿಕೆ. ಕೈಗಡಿಯಾರ ಮೊದಲ ದಿನವೇ ‘ನಿಮ್ಮ ಕ್ಷಮತೆ ಕುಸಿದಿದೆ’ ಎನ್ನುತ್ತದೆ, ಹೋದ ವರ್ಷ ಇದೇ ದಿನ ಓಡಿದ್ದನ್ನು ಮುಂದಿಡುತ್ತದೆ. ಹಾಗಾಗಿ ಈ ವಾರಗಳಲ್ಲಿ ಗಡಿಯಾರದ ಪರದೆಯಿಂದ ವೇಗದ ಅಂಕಣವನ್ನೇ ತೆಗೆದುಬಿಡಿ, ಕಳೆದ ಸಮಯ ಮಾತ್ರ ಕಾಣಲಿ. ಓಟದ ಹಳೆಯ ದಾಖಲೆಗೆ ಇದನ್ನು ಸೇರಿಸಬೇಡಿ, ಬೇರೆ ಪುಸ್ತಕ ಇಡಿ. ಹಿಂದೆ ಗಡಿಯಾರ ನೋಡಿಕೊಂಡು ಓಡುತ್ತಿದ್ದ ದಾರಿಯನ್ನೂ ಬಿಟ್ಟು, ಅಳತೆ ಗೊತ್ತಿಲ್ಲದ ದಾರಿ ಹಿಡಿದರೆ ಇನ್ನೂ ಒಳ್ಳೆಯದು. ಇನ್ನಷ್ಟು ಓಡಬೇಕೆಂದು ಮನಸ್ಸು ಎಳೆಯುವಾಗಲೇ ‘ನಡೆಯಿರಿ’ ಎಂಬ ದನಿ ಬರುತ್ತದಲ್ಲ, ಆ ಆಸೆ ತೀರದೆ ಉಳಿಯುತ್ತದೆ. ನಾಡಿದ್ದಿನ ಓಟಕ್ಕೆ ಬೇಗ ಎದ್ದು ಕೂರುವಂತೆ ಮಾಡುವುದು ಅದೇ.

ಹೆಸರಿನ ಬಗ್ಗೆ ಒಂದು ಮಾತು. 5ಕೆ ಎಂದಿದ್ದರೂ ಇದು 5 ಕಿಲೋಮೀಟರ್ ಮುಟ್ಟಿಸುತ್ತದೆ ಎಂಬ ಖಾತರಿ ಇಲ್ಲ. 30 ನಿಮಿಷದಲ್ಲಿ 5 ಕಿಲೋಮೀಟರ್ ಆಗಬೇಕಾದರೆ ಕಿಲೋಮೀಟರಿಗೆ 6 ನಿಮಿಷದ ವೇಗ ಬೇಕು. ಮರಳಿ ಬರುವವರು ಏಳೂವರೆ ನಿಮಿಷಕ್ಕೆ ಒಂದು ಕಿಲೋಮೀಟರ್ ಓಡಿದರೆ ಕೊನೆಯ ದಿನ 4 ಕಿಲೋಮೀಟರ್ ಆಗುತ್ತದೆ. ಅದು ಸಾಕು. ಹೆಸರಿಗೆ ಸರಿಹೊಂದಿಸಲು ಎಂಟನೇ ವಾರದಲ್ಲಿ ವೇಗ ಹೆಚ್ಚಿಸಹೋದರೆ, ನಿಮಿಷವೂ ವೇಗವೂ ಒಟ್ಟಿಗೆ ಏರಿ, ಇಷ್ಟು ದಿನ ಕಟ್ಟಿದ್ದು ಕೊನೆಯ ಹದಿನೈದು ದಿನದಲ್ಲಿ ಕೈತಪ್ಪುತ್ತದೆ. ಆತುರಗಾರನಿಗೆ ಬುದ್ಧಿಮಟ್ಟ ಎನ್ನುತ್ತಾರಲ್ಲ, ಅದು ಇಲ್ಲಿ ಅಕ್ಷರಶಃ ನಿಜ.

ನೋವಿನ ಬಗ್ಗೆ ಆ್ಯಪ್ ಹೇಳುವುದು ‘ನೋವಾದರೆ ನಿಲ್ಲಿಸಿ’ ಎಂಬಷ್ಟೇ ಮಟ್ಟದ್ದು. ಪೆಟ್ಟು ತಿಂದವರಿಗೆ ಇದು ಉಪಯೋಗವಿಲ್ಲದ ಮಾತು, ಅವರಿಗೆ ಮೊದಲ ವಾರಗಳಲ್ಲಿ ಏನಾದರೊಂದು ಸಣ್ಣ ಮಿಡಿತ ಇದ್ದೇ ಇರುತ್ತದೆ. ಬಳಕೆಯಲ್ಲಿರುವ ಸೂತ್ರ ಹೀಗಿದೆ. ನೋವನ್ನು ಸೊನ್ನೆಯಿಂದ ಹತ್ತರಲ್ಲಿ ಅಳೆಯಿರಿ. ಸ್ನಾಯು ಅಥವಾ ಸ್ನಾಯುರಜ್ಜಿನ ನೋವು ಓಡುವಾಗ ಮೂರರೊಳಗೆ ಇದ್ದು, ಓಡುತ್ತ ಏರದೆ, ಮರುದಿನ ಬೆಳಗ್ಗೆ ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಯಬಹುದು. ಮೂಳೆಯ ನೋವಿಗೆ ಈ ರಿಯಾಯಿತಿ ಇಲ್ಲ, ಅಲ್ಲಿ ಒಂದು ಅಂಕವೂ ಜಾಸ್ತಿ. ಎರಡರ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ: ಕಣಕಾಲಿನ ಒಳಮಗ್ಗುಲಲ್ಲಿ ಒಂದು ಗೇಣಿನುದ್ದ ಒತ್ತಿದ ಕಡೆಯಲ್ಲೆಲ್ಲ ಹಬ್ಬಿದಂತೆ ನೋವಿದ್ದರೆ ಅದು ಹೆಚ್ಚಾಗಿ ಮೂಳೆಯ ಹೊದಿಕೆ ಮತ್ತು ಸ್ನಾಯುವಿನ ತಂಟೆ. ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಒತ್ತಿದರೆ ಜೀವ ಹೋದಂತಾದರೆ, ಮಲಗಿದಾಗಲೂ ನೋವು ಎಬ್ಬಿಸಿದರೆ, ಬಿರುಕಿನ ಸಂದೇಹ. ಓಟ ಬಿಟ್ಟು ವೈದ್ಯರ ಬಳಿಗೆ. ಕುಂಟುತ್ತಿದ್ದೀರಿ ಎಂದಾದರೆ ಅಂಕ ಎಷ್ಟೇ ಇರಲಿ, ಆ ಕ್ಷಣವೇ ನಿಲ್ಲಿಸಿ.

ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಗಳಷ್ಟು ನಿಜ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಓಡುವಾಗ ಮೈ ಬಿಸಿಯಾಗಿ ಅಕಿಲಿಸ್ ನೋವು ಮರೆಯಾಗುತ್ತದೆ, ಆ ಹೊತ್ತಿನ ಸಮಾಧಾನ ಮೋಸದ್ದು. ಮರುಬೆಳಗ್ಗೆ ಹಿಮ್ಮಡಿ ಎಷ್ಟು ಬಿಗಿದಿದೆ, ಎಷ್ಟನೇ ಹೆಜ್ಜೆಗೆ ಸಡಿಲವಾಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ನಿನ್ನೆ ಆರನೇ ಹೆಜ್ಜೆಗೆ ಬಿಟ್ಟದ್ದು ಇವತ್ತು ಅಡುಗೆಮನೆಗೆ ಹೋಗಿ ಬರುವವರೆಗೂ ಬಿಡಲಿಲ್ಲವೆಂದರೆ ಹಿಂದಿನ ಓಟ ಹೆಚ್ಚಾಯಿತು. ಮುಂದಿನದನ್ನು ಒಂದು ದಿನ ತಳ್ಳಿ, ಹಿಂದಿನ ವಾರದ ಓಟವನ್ನು ಮಾಡಿ. ಓಟದ ನಂತರ ಸ್ನಾಯುರಜ್ಜಿನಲ್ಲಿ ಮೊದಲ ಒಂದು ದಿನ ಸವೆತವೇ ಹೆಚ್ಚು, ಕಟ್ಟುವಿಕೆ ಮೇಲಾಗುವುದು ಆಮೇಲೆ. ಯೋಜನೆ ನಡುವೆ ಒಂದು ದಿನ ಬಿಡಲು ಹೇಳಿರುವುದು ಇದಕ್ಕೆ ಸರಿಯಾಗಿ ಕೂಡುತ್ತದೆ. ಹುರುಪಿನಲ್ಲಿ ಎರಡು ದಿನ ಒತ್ತೊತ್ತಿಗೆ ಓಡಿದರೆ ಆ ಲೆಕ್ಕ ಕೆಡುತ್ತದೆ.

ಬಲದ ವ್ಯಾಯಾಮದ ವಿಷಯದಲ್ಲಿ ಆ್ಯಪ್‌ನ ಎರಡನೇ ಕೊರತೆ ಕಾಣುತ್ತದೆ. ಓಡಲು ಹೇಳುವ ದನಿ, ಕಾಲಿಗೆ ಬಲ ತುಂಬುವ ವ್ಯಾಯಾಮವನ್ನು ಓಟದೊಂದಿಗೆ ಹೊಂದಿಸಿ ಹೇಳುವುದಿಲ್ಲ. ವಾರಕ್ಕೆ ಎರಡು ದಿನ, 20 ನಿಮಿಷ ಸಾಕು: ಮಂಡಿ ನೆಟ್ಟಗಿಟ್ಟು ಹಿಮ್ಮಡಿ ಎತ್ತುವುದು, ಮಂಡಿ ಮಡಚಿ ಹಿಮ್ಮಡಿ ಎತ್ತುವುದು, ಒಂದು ಕಾಲು ಹಿಂದಿಟ್ಟು ಕುಕ್ಕರಿಸುವುದು, ಮಲಗಿ ಒಂದೇ ಕಾಲಿನ ಮೇಲೆ ಸೊಂಟ ಎತ್ತುವುದು. ಒಂದೊಂದೂ 8ರಿಂದ 12 ಸಲ, ಮೂರು ಸುತ್ತು. ಸುಲಭವಾದಾಗ ಬೆನ್ನಿಗೆ ಭಾರದ ಚೀಲ ಹಾಕಿಕೊಳ್ಳಿ. ಎರಡನೆಯದನ್ನು ಬಿಡಬೇಡಿ: ಓಡುವಾಗ ಮಂಡಿ ಮಡಚಿಯೇ ಇರುತ್ತದೆ, ಆಗ ಹೆಚ್ಚಿನ ಭಾರ ಹೊರುವುದು ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯು, ಮಂಡಿ ಮಡಚಿ ಎತ್ತಿದಾಗ ಕೆಲಸ ಹೆಚ್ಚಾಗಿ ಅದಕ್ಕೇ ಬೀಳುತ್ತದೆ. ಈ ವ್ಯಾಯಾಮವನ್ನು ಓಡಿದ ದಿನವೇ, ಓಟ ಮುಗಿದ ಮೇಲೆ ಮಾಡಿ. ಬಿಡುವಿನ ದಿನಕ್ಕೆ ತಳ್ಳಿದರೆ ಬಿಡುವೇ ಇಲ್ಲದಂತಾಗುತ್ತದೆ.

ದಾರಿಯನ್ನು ಪೆಟ್ಟಿಗೆ ತಕ್ಕಂತೆ ಆರಿಸಿ. ಇಳಿಜಾರು ಮಂಡಿಯನ್ನು ಕಾಡುತ್ತದೆ, ಏರು ಅಕಿಲಿಸನ್ನು ಕಾಡುತ್ತದೆ. ಮಂಡಿಚಿಪ್ಪಿನ ಸುತ್ತ ನೋವಿದ್ದವರು ಹೆಜ್ಜೆ ಗಿಡ್ಡ ಮಾಡಿ, ನಿಮಿಷದ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಮಂಡಿಯ ಭಾರ ಇಳಿಯುತ್ತದೆ. 30 ಸೆಕೆಂಡ್ ಬಲಗಾಲಿನ ಹೆಜ್ಜೆ ಎಣಿಸಿ ನಾಲ್ಕರಿಂದ ಗುಣಿಸಿ. 39 ಬಂದರೆ ನಿಮಿಷಕ್ಕೆ 156, ಅದನ್ನು 164ಕ್ಕೆ ತನ್ನಿ, ವೇಗ ಹೆಚ್ಚಿಸದೆ. ರಸ್ತೆಯ ಒಂದೇ ಅಂಚಿನಲ್ಲಿ ಓಡುತ್ತಿದ್ದರೆ ಇಳುಕಲಿಗೆ ಒಂದು ಕಾಲು ಸದಾ ಕೆಳಗಿರುತ್ತದೆ, ಸುರಕ್ಷಿತವಿದ್ದಲ್ಲಿ ನಡುವಿನ ಸಮ ಜಾಗವೋ ಮೈದಾನವೋ ಮೇಲು.

ಶೂ ಬಗ್ಗೆ ಚುಟುಕಾಗಿ: ಹಳೆಯದು 500ರಿಂದ 800 ಕಿಲೋಮೀಟರ್ ಓಡಿದ್ದರೆ ಬದಲಿಸಿ, ಆದರೆ ಹಿಮ್ಮಡಿ ಎತ್ತರ ಅದೇ ಇರುವಂಥದ್ದನ್ನೇ ಆರಿಸಿ. ಹಿಮ್ಮಡಿ ಮುಂಗಾಲಿಗಿಂತ 10 ಮಿಲಿಮೀಟರ್ ಎತ್ತರವಿರುವ ಶೂ ಬಿಟ್ಟು 4 ಮಿಲಿಮೀಟರಿನದ್ದಕ್ಕೆ ಹೋದರೆ ಭಾರ ಮೀನಖಂಡಕ್ಕೆ ಜಾರುತ್ತದೆ. ಓಟ ಹೊಸದು, ಶೂ ಹೊಸದು, ನೆಲವೂ ಹೊಸದು ಎಂದಾದರೆ ನೋವು ಬಂದಾಗ ತಪ್ಪು ಯಾವುದರದ್ದೆಂದು ಕಂಡುಹಿಡಿಯಲಾಗದು.

ಬೇರೆ ದಾರಿಗಳಿಗೆ ಹೋಲಿಸಿದರೆ? 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೊವೇ ಅವರ ಓಟ-ನಡಿಗೆ ಪದ್ಧತಿಯಲ್ಲಿ ನಡಿಗೆ ಕೊನೆಯವರೆಗೂ ಉಳಿಯುತ್ತದೆ. ಅದು ಓಟದ ಒಂದು ಅಂಗ, ಕಳಚಿಹಾಕಬೇಕಾದ ಊರುಗೋಲಲ್ಲ. ಐವತ್ತು ದಾಟಿದವರಿಗೆ, ಮಂಡಿ ಸವೆತ ಇರುವವರಿಗೆ, ಎರಡು ಮೂರು ಸಲ ಮರುಕಳಿಸಿದ ಪೆಟ್ಟಿನವರಿಗೆ ಅದೇ ಹೆಚ್ಚು ಹಿತ ಎಂಬುದು ಈ ವಿಮರ್ಶೆಯ ಅಭಿಪ್ರಾಯ. ಕೌಚ್ ಟು 5ಕೆಯಲ್ಲಿ ನಡಿಗೆ ಬಿಟ್ಟುಹೋಗುವುದೇ ಗುರಿ, ಅದರಿಂದಾಗಿ ಏಳನೇ ವಾರದಲ್ಲಿ ನಡೆದರೆ ಸೋತಂತೆ ಅನ್ನಿಸುತ್ತದೆ. ಅನ್ನಿಸಬಾರದು. 25 ನಿಮಿಷದ ನಡುವೆ ಒಂದು ನಿಮಿಷ ನಡೆದರೆ ಕಾಲಿಗೆ ಸಿಗಬೇಕಾದ ಅಭ್ಯಾಸದಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಜೊತೆ ಬೇಕೆನ್ನುವವರಿಗೆ ಪಾರ್ಕ್‌ರನ್ ಎಂಬ ಸಾಮೂಹಿಕ ಓಟವನ್ನು ನೆನಪಿಸಬೇಕು. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಮಂದಿಯಿಂದ ಅದು ಶುರುವಾಯಿತು. ಶುರು ಮಾಡಿದ ಪಾಲ್ ಸಿಂಟನ್-ಹ್ಯೂವಿಟ್ ಆಗ ಸ್ವತಃ ಪೆಟ್ಟಾಗಿ ಓಡಲಾಗದೆ ಇದ್ದವರು, ಗಡಿಯಾರ ಹಿಡಿದು ಗೆಳೆಯರ ಓಟಕ್ಕೆ ನಿಂತರು. ಈಗ ಹಲವು ದೇಶಗಳಲ್ಲಿ ನಡೆಯುವ ಈ 5 ಕಿಲೋಮೀಟರಿನಲ್ಲಿ ನಡೆಯುವವರಿಗೂ ಜಾಗವಿದೆ, ಎಲ್ಲರಿಗಿಂತ ಹಿಂದೆ ಬರಲೆಂದೇ ಒಬ್ಬ ಸ್ವಯಂಸೇವಕರು ಇರುತ್ತಾರೆ, ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ಓಡಲಾಗದ ತಿಂಗಳುಗಳಲ್ಲಿ ಸ್ವಯಂಸೇವಕರಾಗಿ ನಿಂತು, ಆಮೇಲೆ ನಡೆದು, ಆಮೇಲೆ ಓಡುವ ಕ್ರಮ ಆ್ಯಪ್‌ಗೆ ಒಳ್ಳೆಯ ಜೋಡಿ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಅಂಕ, ಅದೂ ನಾಲ್ಕನೇ ವಾರವನ್ನು ಮೇಲೆ ಹೇಳಿದಂತೆ ತಿದ್ದಿಕೊಂಡರೆ. ತಿದ್ದದೆ ಬಳಸುವುದಾದರೆ, ಮೂಳೆಗೆ ಪೆಟ್ಟಾಗಿದ್ದವರಿಗೆ ಇದನ್ನು ಶಿಫಾರಸು ಮಾಡಲಾಗದು.

ಒಂಬತ್ತನೇ ವಾರ ಮುಗಿದ ಮೇಲೆ ದನಿ ನಿಲ್ಲುತ್ತದೆ, ಮುಂದೇನು ಎಂದು ತೋಚದೆ ಜನ ಒಮ್ಮೆಲೇ 10 ಕಿಲೋಮೀಟರಿಗೆ ಹೆಸರು ಕೊಡುತ್ತಾರೆ. ಅದರ ಬದಲು ವಾರಕ್ಕೆ ಮೂರು ಸಲ 30 ನಿಮಿಷವನ್ನೇ ನಾಲ್ಕು ವಾರ ಹಿಡಿದಿಟ್ಟುಕೊಳ್ಳಿ, ಮೂಳೆ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಆಮೇಲೆ ಮೂರರಲ್ಲಿ ಒಂದು ಓಟವನ್ನು ಮಾತ್ರ 35ಕ್ಕೆ, ಎರಡು ವಾರ ಬಿಟ್ಟು 40ಕ್ಕೆ. ಅದು ಕೂತ ಮೇಲೆ ವೇಗ. ಒಂದು ಹಗುರ ಓಟದ ಕೊನೆಗೆ, ಸಮ ನೆಲದಲ್ಲಿ, ಓಡುತ್ತ ಓಡುತ್ತಲೇ ನಿಧಾನವಾಗಿ ವೇಗ ಏರಿಸಿ 15 ಸೆಕೆಂಡ್ ಹಗುರಾಗಿ ಹಾರಿದಂತೆ ಓಡಿ, ಹಾಗೆಯೇ ಇಳಿಸಿ, ಉಸಿರು ಪೂರ್ತಿ ಮರಳುವವರೆಗೆ ನಡೆಯಿರಿ. ನಾಲ್ಕು ಸಲ. ಮರುಬೆಳಗ್ಗೆ ಹಾಸಿಗೆಯಿಂದ ಇಳಿದು ಹತ್ತು ಹೆಜ್ಜೆ ಎಣಿಸಿ.